ಲಿಯಾರಿಯ ಚೆಂಡು, ಯಲ್ಲಾಪುರದ ಓಟ

1987ರಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಕೇರಿಗಳಿಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ಜನ ಬಂದರು. ಅಡಿಕೆ ತೋಟದ ಕೂಲಿ, ಕಾಡಿನ ಜೇನು, ತುಂಡು ಗದ್ದೆ, ಇಷ್ಟರಲ್ಲೇ ಬದುಕು ಕಟ್ಟಿಕೊಂಡಿದ್ದ ಮನೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಡಿಸಿ ನೋಡಿದರು. ಚೆನ್ನಾಗಿ ಓಡಿದವರನ್ನು ಆರಿಸಿಕೊಂಡು ಕ್ರೀಡಾ ಹಾಸ್ಟೆಲುಗಳಿಗೆ ಕರೆದೊಯ್ದರು. ಆಗ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆಯ ರಾಜ್ಯ ಸಚಿವರಾಗಿದ್ದವರು ನಮ್ಮ ಕರಾವಳಿಯವರೇ ಆದ ಮಾರ್ಗರೆಟ್ ಆಳ್ವ. ಯೋಜನೆಯ ಹಿಂದಿದ್ದ ಆಲೋಚನೆ ಸರಳವಾಗಿತ್ತು. ಒಲಿಂಪಿಕ್ಸಿನ ಓಟಗಳಲ್ಲಿ ಆಫ್ರಿಕಾ ಮೂಲದವರು ಗೆಲ್ಲುತ್ತಿದ್ದಾರೆ, ಆಫ್ರಿಕಾ ಮೂಲದವರು ನಮ್ಮ ದೇಶದಲ್ಲೂ ಇದ್ದಾರೆ, ಹಾಗಾದರೆ ಅವರಿಂದ ಪದಕ ಏಕೆ ಬರಬಾರದು?

ಆರು ವರ್ಷಗಳ ನಂತರ, 1993ರಲ್ಲಿ, ಯೋಜನೆ ನಿಂತಿತು. ಮಕ್ಕಳು ಮರಳಿ ಊರಿಗೆ ಬಂದರು.

ಆ ಆರು ವರ್ಷಗಳ ಕಥೆಯನ್ನು ಬರೆದವರೆಲ್ಲ ಯಲ್ಲಾಪುರದಿಂದ ಹೊರಟು ಬೆಂಗಳೂರು, ದಿಲ್ಲಿಗಳತ್ತ ನೋಡಿದ್ದಾರೆ. ನನಗೆ ಅದನ್ನು ಕರಾಚಿಯ ಕಡೆಯಿಂದ ನೋಡಬೇಕೆನಿಸುತ್ತದೆ. ನಮ್ಮ ಸಿದ್ದಿಗಳ ಹಾಗೆಯೇ ಹಡಗಿನಲ್ಲಿ ತುಂಬಿ ತರಲ್ಪಟ್ಟ, ಅದೇ ಅರಬ್ಬಿ ಸಮುದ್ರದ ದಂಡೆಯ ಮೇಲೆ ಇಳಿಸಲ್ಪಟ್ಟ ಆಫ್ರಿಕನ್ನರ ಇನ್ನೊಂದು ಗುಂಪು ಅಲ್ಲಿದೆ. ಅವರನ್ನು ಶೀದಿಗಳೆಂದೂ ಮಕ್ರಾನಿಗಳೆಂದೂ ಕರೆಯುತ್ತಾರೆ. ಅವರ ಓಣಿಗಳಿಗೆ ಯಾವ ಸಚಿವರ ಯೋಜನೆಯೂ ಬರಲಿಲ್ಲ. ಆದರೂ ಪಾಕಿಸ್ತಾನದ ಫುಟ್‌ಬಾಲ್ ಚರಿತ್ರೆಯನ್ನು ಆ ಓಣಿಗಳನ್ನು ಬಿಟ್ಟು ಬರೆಯಲು ಸಾಧ್ಯವಿಲ್ಲ.

ಆಫ್ರಿಕನ್ನರು ಈ ದಂಡೆಗೆ ಬಂದ ದಾರಿಗಳು ಎರಡು. ಒಂದು ಪೋರ್ಚುಗೀಸರದು. ಹದಿನಾರನೇ ಶತಮಾನದಿಂದ ಹತ್ತೊಂಬತ್ತನೇ ಶತಮಾನದವರೆಗೆ ಮೊಜಾಂಬಿಕ್ ಕರಾವಳಿಯಿಂದ ಗೋವೆಗೆ ಗುಲಾಮರು ಬಂದರು. ಮನೆಗೆಲಸಕ್ಕೆ, ಹೊಲಗೆಲಸಕ್ಕೆ, ಕಾವಲಿಗೆ ಅವರನ್ನು ದುಡಿಸಿಕೊಂಡರು. ತಪ್ಪಿಸಿಕೊಂಡವರಿಗೂ ಬಿಡುಗಡೆಯಾದವರಿಗೂ ದಕ್ಷಿಣದ ಘಟ್ಟವೇ ಆಸರೆಯಾಯಿತು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದು 1869ರಲ್ಲಿ. ಅಷ್ಟು ಹೊತ್ತಿಗೆ ಜೋಯಿಡಾ, ಹಳಿಯಾಳ, ಯಲ್ಲಾಪುರ, ಅಂಕೋಲಾ, ಶಿರಸಿಯ ಕಾಡುಗಳಲ್ಲಿ ಸಿದ್ದಿ ಕೇರಿಗಳು ಬೇರೂರಿದ್ದವು. ಯಲ್ಲಾಪುರ, ಅಂಕೋಲಾ ಕಡೆಯವರು ಬಹುಪಾಲು ಹಿಂದೂಗಳಾದರು. ಹಳಿಯಾಳ, ಮುಂಡಗೋಡದ ಕಡೆ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಹವ್ಯಕರ ತೋಟಗಳಲ್ಲಿ ತಲೆತಲಾಂತರದ ದುಡಿಮೆ. ಡಮಾಮಿ ವಾದ್ಯದ ಬಡಿತ ಮಾತ್ರ ಹಳೆಯ ನೆನಪನ್ನು ಬಿಟ್ಟುಕೊಡಲಿಲ್ಲ.

ಇನ್ನೊಂದು ದಾರಿ ಒಮಾನಿನ ಅರಬ್ ವ್ಯಾಪಾರಿಗಳದು. ಪೂರ್ವ ಆಫ್ರಿಕಾದಿಂದ ಮಸ್ಕತ್, ಮಸ್ಕತ್‌ನಿಂದ ಮಕ್ರಾನ್ ಕರಾವಳಿ, ಅಲ್ಲಿಂದ ಸಿಂಧ್. ಮಕ್ರಾನಿನ ಗ್ವಾದರ್ ಬಂದರು 1958ರ ತನಕವೂ ಒಮಾನಿನ ಸುಲ್ತಾನನ ಕೈಯಲ್ಲೇ ಇತ್ತೆಂಬುದನ್ನು ನೆನೆದರೆ ಆ ನಂಟಿನ ಗಟ್ಟಿತನ ತಿಳಿಯುತ್ತದೆ. ಸಿಂಧ್‌ನ ತಾಲ್ಪುರ್ ಅಮೀರರ ಸೇನಾನಿ ಹೋಶ್ ಮೊಹಮ್ಮದ್ ಶೀದಿ 1843ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತಾ ಮಡಿದರು. ಅವರನ್ನು ಸಿಂಧಿಗಳು ಇಂದಿಗೂ ವೀರನೆಂದು ಸ್ಮರಿಸುತ್ತಾರೆ. ಕರಾಚಿ ಬಂದರು ಬೆಳೆದಂತೆ ಮಕ್ರಾನಿನಿಂದ ಬಲೋಚರೂ ಶೀದಿಗಳೂ ಕೂಲಿ ಅರಸಿ ಬಂದು ಲಿಯಾರಿ ನದಿಯ ಬದಿಯಲ್ಲಿ ನೆಲೆ ನಿಂತರು. ಚಾಕಿವಾಡಾ, ಬಗ್ದಾದಿ, ಕಲಾಕೋಟ್, ಸಿಂಗೋ ಲೇನ್, ಷಾ ಬೇಗ್ ಲೇನ್ ಎಂದು ಓಣಿಗೆ ಓಣಿ ಅಂಟಿಕೊಂಡು ಬೆಳೆದ ಬಡವರ ಬಸ್ತಿ ಅದು. ಅಲ್ಲಿಯೂ ಮದುವೆ ಮುಂಜಿಗಳಿಗೆ ಮುಗರ್ಮಾನ್ ಎಂಬ ದೊಡ್ಡ ನಗಾರಿ ಬಾರಿಸಿ ಲೇವಾ ಕುಣಿಯುತ್ತಾರೆ.

ಬಂದರಿನ ಊರಿಗೆ ಚೆಂಡು ಬರದೇ ಇರುವುದಿಲ್ಲ. ಬ್ರಿಟಿಷ್ ಸೈನಿಕರೂ ನಾವಿಕರೂ ಆಡುತ್ತಿದ್ದುದನ್ನು ನೋಡಿ ಕೂಲಿಕಾರರ ಮಕ್ಕಳು ಕಲಿತರು. ಬೂಟಿಲ್ಲದ ಕಾಲು, ಬಟ್ಟೆ ಸುತ್ತಿದ ಉಂಡೆ, ಕಲ್ಲು ಮಣ್ಣಿನ ಬಯಲು. ಲಿಯಾರಿಯ ಕಕ್ರಿ ಗ್ರೌಂಡ್ ಎಂಬ ಬಯಲಿನಲ್ಲಿ ಮೂರು ತಲೆಮಾರು ಆಡಿತು. ಓಣಿಗೊಂದು ಕ್ಲಬ್ಬು ಹುಟ್ಟಿತು. ಕ್ಲಬ್ಬೆಂದರೆ ದೊಡ್ಡ ಕಟ್ಟಡ ಏನಲ್ಲ, ಒಂದು ಕೋಣೆ, ಗೋಡೆಯ ಮೇಲೆ ಕಪ್ಪುಗಳ ಸಾಲು, ಸಂಜೆ ಹುಡುಗರನ್ನು ಕೂಗಿ ಕರೆಯುವ ಒಬ್ಬ ಹಿರಿಯ. ನನ್ನ ಲೆಕ್ಕದಲ್ಲಿ ಲಿಯಾರಿಯ ಗುಟ್ಟಿರುವುದು ಆ ಹಿರಿಯನಲ್ಲಿ. ಆತನಿಗೆ ಮುಂದಿನ ವಾರ ಯಾರ ಮೇಲೆ ಪಂದ್ಯ ಎಂಬುದು ಗೊತ್ತಿರುತ್ತಿತ್ತು. ಮುಂದಿನ ವಾರವೂ ಪಂದ್ಯ ಇದ್ದೇ ಇರುತ್ತಿತ್ತು.

ದೇಶ ಒಡೆದ ವರ್ಷವೇ, 1947ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನ್ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. ಮರುವರ್ಷ ಕರಾಚಿಯಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1952ರಲ್ಲಿ ಕೊಲಂಬೋದಲ್ಲಿ ನಡೆದ ನಾಲ್ಕು ದೇಶಗಳ ಕಪ್ಪನ್ನು ಭಾರತ, ಪಾಕಿಸ್ತಾನ ಎರಡೂ ಹಂಚಿಕೊಂಡವು. ಗಡಿ ಬಿದ್ದಿದ್ದರೂ ಆಗಿನ್ನೂ ಚೆಂಡಿಗೆ ಪಾಸ್‌ಪೋರ್ಟು ಅಷ್ಟು ಬಿಗಿಯಾಗಿರಲಿಲ್ಲ. ಅದೇ ಕಾಲಕ್ಕೆ ಪಾಕಿಸ್ತಾನದ ವಿಂಗರ್ ಮಸೂದ್ ಫಖ್ರಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಅವರ ಜೊತೆಯಾಟಗಾರ ಬೆಂಗಳೂರಿನ ಅಹ್ಮದ್ ಖಾನ್, 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು. ಕನ್ನಡ ನಾಡಿನ ಫುಟ್‌ಬಾಲಿಗೂ ಕಲ್ಕತ್ತೆಗೂ ನಂಟು ಅದಕ್ಕಿಂತ ಹಳೆಯದು. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಬೆಂಗಳೂರಿನಿಂದಲೂ ಕ್ವೆಟ್ಟಾದಿಂದಲೂ ಆಟಗಾರರನ್ನು ಕರೆಸಿಕೊಂಡಿತ್ತು. ಆ ತಂಡವನ್ನೇ ಸೋಲಿಸಿ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ಪು ಅಲ್ಲಿಯವರೆಗೆ ಭಾರತೀಯ ತಂಡವೊಂದರ ಕೈಗೆ ಬಂದಿರಲಿಲ್ಲ. ಈ ಸಂಗತಿಯನ್ನು ನಾವು ಇನ್ನೂ ಗಟ್ಟಿ ದನಿಯಲ್ಲಿ ಹೇಳಿಕೊಳ್ಳಬೇಕು.

ಲಿಯಾರಿಯ ಹುಡುಗರೂ ಈ ದಾರಿಯಲ್ಲೇ ಕಲ್ಕತ್ತೆಗೆ ಬಂದರು. ಮೊಹಮ್ಮದ್ ಉಮರ್ ಮೊಹಮ್ಮಡನ್ ಸ್ಪೋರ್ಟಿಂಗ್‌ನಲ್ಲಿ ಆಡಿದ ಕಾಲದಲ್ಲಿ, 1957ರಲ್ಲಿ, ಆ ಕ್ಲಬ್ಬು ಮತ್ತೆ ಕಲ್ಕತ್ತಾ ಲೀಗ್ ಗೆದ್ದಿತು. ಮುಂದೆ ಅವರು ಪಾಕಿಸ್ತಾನ ತಂಡದ ನಾಯಕರೂ ಆದರು. ಮೂಸಾ ಘಾಜಿ, ಆಬಿದ್ ಘಾಜಿ, ಹೀಗೆ ಒಬ್ಬರ ಹಿಂದೆ ಒಬ್ಬರು. ಬಂದರಿನಲ್ಲಿ ಮೂಟೆ ಹೊರುವವರ ಮಕ್ಕಳಿಗೆ ಚೆಂಡು ಒಂದು ಕಸುಬಾಯಿತು. ಅದರಿಂದ ಸಂಬಳ ಬರುತ್ತಿತ್ತು, ರೈಲು ಟಿಕೆಟ್ ಸಿಗುತ್ತಿತ್ತು, ಪತ್ರಿಕೆಯಲ್ಲಿ ಹೆಸರು ಬರುತ್ತಿತ್ತು.

ಕಲ್ಕತ್ತೆಯ ಬಾಗಿಲು ಮುಚ್ಚುತ್ತಾ ಬಂದಂತೆ ಢಾಕಾದ ಬಾಗಿಲು ಅಗಲವಾಯಿತು. ಪೂರ್ವ ಪಾಕಿಸ್ತಾನದ ಢಾಕಾ ಲೀಗ್ ಆಗ ಇಡೀ ದೇಶದಲ್ಲೇ ಹೆಚ್ಚು ಜನ ನೋಡುತ್ತಿದ್ದ, ಹೆಚ್ಚು ದುಡ್ಡಿದ್ದ ಫುಟ್‌ಬಾಲ್. ಢಾಕಾ ಮೊಹಮ್ಮಡನ್, ವಾಂಡರರ್ಸ್, ವಿಕ್ಟೋರಿಯಾ ಕ್ಲಬ್ಬುಗಳು ಋತು ಶುರುವಾಗುವ ಮುಂಚೆ ಆಟಗಾರರನ್ನು ಹುಡುಕಿಕೊಂಡು ಕರಾಚಿಗೆ ಜನ ಕಳಿಸುತ್ತಿದ್ದವು. 1960ರ ದಶಕದಲ್ಲಿ ವಿಕ್ಟೋರಿಯಾ ಕ್ಲಬ್ಬು ಲೀಗ್ ಗೆದ್ದಾಗ ಅದರ ಬೆನ್ನೆಲುಬಾಗಿದ್ದವರು ಲಿಯಾರಿಯಿಂದ ಬಂದವರು. ಢಾಕಾದ ಪ್ರೇಕ್ಷಕರು ಅವರನ್ನೆಲ್ಲ ಒಟ್ಟಾಗಿ ಮಕ್ರಾನಿಗಳೆಂದೇ ಗುರುತಿಸುತ್ತಿದ್ದರು. ಬಂಗಾಳಿ ಹುಡುಗರು ಅವರ ವೇಗವನ್ನೂ ಮೈಕಟ್ಟನ್ನೂ ನೋಡಿ ಬೆರಗಾದರು, ಅವರೊಡನೆ ಆಡಿ ಪಳಗಿದರು. ಕರಾಚಿಯಲ್ಲಿ ಗುಲಾಮರ ಮಕ್ಕಳೆಂಬ ಮೂದಲಿಕೆ ಕೇಳುತ್ತಾ ಬೆಳೆದವರಿಗೆ ಸಾವಿರದೈನೂರು ಮೈಲಿ ಆಚೆ ಹೆಸರು ಹಿಡಿದು ಕೂಗುವ ಜನ ಸಿಕ್ಕರು.

ಅವರಲ್ಲಿ ಎಲ್ಲರಿಗಿಂತ ಪ್ರಿಯರಾದವರು ಅಬ್ದುಲ್ ಗಫೂರ್. ಲಿಯಾರಿಯಲ್ಲಿ ಬೆಳೆದವರು. ಓಣಿಯ ಕ್ಲಬ್ಬಿನಿಂದ ಕರಾಚಿ, ಕರಾಚಿಯಿಂದ ಪಾಕಿಸ್ತಾನ ತಂಡ, ಕಲ್ಕತ್ತೆಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್, ಢಾಕಾದಲ್ಲಿ ಲೀಗ್ ಆಟ, ಇದು ಅವರ ದಾರಿ. ಅವರನ್ನು ಪಾಕಿಸ್ತಾನದ ಪೆಲೆ ಎಂದರು, ಕಪ್ಪು ಮುತ್ತು ಎಂದರು. ಅವರ ತಲೆಮಾರಿನ ಪಾಕಿಸ್ತಾನ ತಂಡ 1962ರಲ್ಲಿ ಮಲಯದ ಮೆರ್ಡೇಕಾ ಟೂರ್ನಿಯ ಫೈನಲ್ ತಲುಪಿ ಇಂಡೋನೇಷ್ಯಾಕ್ಕೆ ಸೋತಿತು. ಆ ದೇಶದ ಫುಟ್‌ಬಾಲ್ ಅಷ್ಟು ಎತ್ತರಕ್ಕೆ ಹೋದದ್ದು ಬಹಳ ಅಪರೂಪ. ಕಪ್ಪು ಬಣ್ಣ ಬೈಗುಳವಾಗಿದ್ದ ಊರಿನಲ್ಲಿ ಕಪ್ಪು ಮುತ್ತು ಎಂಬುದು ಬಿರುದಾಯಿತು. ಇದನ್ನು ಸಣ್ಣ ಮಾತೆಂದು ನಾನು ಎಣಿಸುವುದಿಲ್ಲ. ಆದರೆ ಆ ಬಿರುದು ಅನ್ನ ಕೊಡಲಿಲ್ಲ. ಗಫೂರ್ ಕೊನೆಗಾಲವನ್ನು ಬಡತನದಲ್ಲೂ ಕಾಯಿಲೆಯಲ್ಲೂ ಕಳೆದು 2012ರಲ್ಲಿ ತೀರಿಕೊಂಡರು.

1971ರಲ್ಲಿ ಢಾಕಾ ಬೇರೆ ದೇಶದ ರಾಜಧಾನಿಯಾಯಿತು. ಮಕ್ರಾನಿ ಆಟಗಾರರ ಅತಿ ದೊಡ್ಡ ಅಂಗಳ ಒಂದೇ ಏಟಿಗೆ ಇಲ್ಲವಾಯಿತು. ಕಲ್ಕತ್ತೆ 1965ರ ಯುದ್ಧದ ನಂತರವೇ ದೂರವಾಗಿತ್ತು. ಉಳಿದದ್ದು ಇಲಾಖೆಗಳ ತಂಡಗಳು: ಕರಾಚಿ ಪೋರ್ಟ್ ಟ್ರಸ್ಟ್, ಪಾಕಿಸ್ತಾನ್ ರೈಲ್ವೆ, ಪಿಐಎ ವಿಮಾನ ಸಂಸ್ಥೆ, ಹಬೀಬ್ ಬ್ಯಾಂಕ್, ನ್ಯಾಷನಲ್ ಬ್ಯಾಂಕ್, ವಿದ್ಯುತ್ ಮತ್ತು ನೀರಾವರಿಯ ವಾಪ್ಡಾ, ಸೇನೆ, ಕರಾಚಿಯ ವಿದ್ಯುತ್ ಕಂಪನಿ. ಆಟಗಾರ ಅಲ್ಲಿ ಗುಮಾಸ್ತನೋ ಜವಾನನೋ ಲೈನ್‌ಮನ್ನೋ ಆಗಿ ದಾಖಲಾಗುತ್ತಿದ್ದ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಹಾಜರಿ, ತಿಂಗಳಿಗೆ ಸಂಬಳ, ಕಾಲು ಸೋತ ಮೇಲೂ ಕುರ್ಚಿ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳನ್ನು ನೋಡಿದವರಿಗೆ ಈ ಪದ್ಧತಿ ಹೊಸದಲ್ಲ. ದೊಡ್ಡ ದುಡ್ಡಿನ ಕ್ಲಬ್ ಫುಟ್‌ಬಾಲನ್ನು ಮೆಚ್ಚುವವರು ಇಲಾಖಾ ಫುಟ್‌ಬಾಲನ್ನು ಹಗುರವಾಗಿ ನೋಡುತ್ತಾರೆ. ಲಿಯಾರಿಯಂಥ ಬಡ ಬಸ್ತಿಯಲ್ಲಿ ಹೆತ್ತವರು ಮಗನನ್ನು ಮೈದಾನಕ್ಕೆ ಬಿಡುವಂತೆ ಮಾಡಿದ್ದು ಆ ಕೆಲಸದ ಆಸೆಯೇ. ಚೆನ್ನಾಗಿ ಆಡಿದರೆ ಪೋರ್ಟ್ ಟ್ರಸ್ಟ್‌ನಲ್ಲಿ ನೌಕರಿ ಸಿಕ್ಕೀತು ಎಂಬ ಮಾತು ಯಾವ ಭಾಷಣಕ್ಕಿಂತಲೂ ದೊಡ್ಡದು.

ಈ ವ್ಯವಸ್ಥೆಯ ಫಲ 1989ರ ಇಸ್ಲಾಮಾಬಾದ್ ಮತ್ತು 1991ರ ಕೊಲಂಬೋ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಕಂಡಿತು. ಎರಡೂ ಸಲ ಫುಟ್‌ಬಾಲ್ ಚಿನ್ನ ಪಾಕಿಸ್ತಾನಕ್ಕೆ. 2004ರಲ್ಲಿ ಚದುರಿದ ಟೂರ್ನಿಗಳನ್ನು ಬಿಟ್ಟು ರಾಷ್ಟ್ರೀಯ ಲೀಗ್ ಒಂದನ್ನು ಕಟ್ಟಿದರು, ಮೊದಲ ಸಲ ವಾಪ್ಡಾ ಗೆದ್ದಿತು. ಅದೇ ಮುಂದೆ ಪಾಕಿಸ್ತಾನ್ ಪ್ರೀಮಿಯರ್ ಲೀಗ್ ಆಯಿತು. ಸೇನೆ, ವಾಪ್ಡಾ, ಪರಮಾಣು ಸಂಶೋಧನೆಯ ಖಾನ್ ರಿಸರ್ಚ್ ಲ್ಯಾಬೊರೇಟರೀಸ್, ಕೆ-ಎಲೆಕ್ಟ್ರಿಕ್ ಸರದಿಯಲ್ಲಿ ಗೆದ್ದವು. ಗೆದ್ದವರ ಪಟ್ಟಿಯಲ್ಲಿ ಇಲಾಖೆಗಳೇ ತುಂಬಿವೆ. ಅವುಗಳ ಅಂಗಿ ತೊಟ್ಟವರಲ್ಲಿ ಲಿಯಾರಿಯ ಓಣಿಗಳವರು ಎಷ್ಟೋ ಮಂದಿ. ವಿಶ್ವಕಪ್ ಬಂದಾಗ ಆ ಬಸ್ತಿಯ ಗೋಡೆಗಳಿಗೆಲ್ಲ ಬ್ರೆಜಿಲಿನ ಹಳದಿ ಹಸಿರು ಬಳಿಯುತ್ತಾರೆ.

ಈ ಬ್ರೆಜಿಲ್ ಮೋಹ ನನ್ನನ್ನು ಮೊಜಾಂಬಿಕ್‌ಗೆ ಕರೆದೊಯ್ಯುತ್ತದೆ, ಅಂದರೆ ನಮ್ಮ ಸಿದ್ದಿಗಳ ತವರಿಗೆ. ಅಲ್ಲಿಯ ಲೊರೆನ್ಸೊ ಮಾರ್ಕ್ಸ್ ಪಟ್ಟಣದ, ಈಗಿನ ಮಪುಟೊದ, ಮಫಲಾಲಾ ಎಂಬ ಬಡ ಕೇರಿಯಲ್ಲಿ 1940ರ, 50ರ ದಶಕಗಳಲ್ಲಿ ಬರಿಗಾಲ ಹುಡುಗರು ಚಿಂದಿಯ ಚೆಂಡಿನಲ್ಲಿ ಆಡುತ್ತಿದ್ದರು. ತಮ್ಮ ತಂಡಕ್ಕೆ ಅವರು ಇಟ್ಟುಕೊಂಡ ಹೆಸರು ಬ್ರೆಜಿಲಿಯನ್ನರು ಎಂದೇ. ಆ ಹುಡುಗರಲ್ಲಿ ಒಬ್ಬ ಯುಸೇಬಿಯೊ. 1966ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಪರ 9 ಗೋಲು ಹೊಡೆದು ಇಡೀ ಟೂರ್ನಿಯಲ್ಲೇ ಮೊದಲಿಗರಾದವರು. ಅವರನ್ನೂ ಜನ ಕಪ್ಪು ಮುತ್ತು ಎಂದು ಕರೆದರು. ಆ ತಂಡದ ನಾಯಕ ಮಾರಿಯೊ ಕೊಲೂನ ಕೂಡ ಮೊಜಾಂಬಿಕ್‌ನವರೇ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದು ಆ ದೇಶಕ್ಕೆ ಚಿನ್ನ ತಂದ ಮರಿಯಾ ಮುಟೊಲಾ ಚಿಕ್ಕಂದಿನಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದವರು. ಪೋರ್ಚುಗೀಸ್ ಧ್ವಜದ ಹಡಗುಗಳು ಒಂದು ಕಾಲಕ್ಕೆ ಮೊಜಾಂಬಿಕ್‌ನ ಜನರನ್ನು ಗೋವೆಗೆ ತಂದವು, ಇನ್ನೊಂದು ಕಾಲಕ್ಕೆ ಯುಸೇಬಿಯೊನನ್ನು ಅದೇ ಪೋರ್ಚುಗಲ್‌ನ ಲಿಸ್ಬನ್ನಿನ ಬೆನ್‌ಫಿಕಾ ಕ್ಲಬ್ಬು ಕರೆಸಿಕೊಂಡಿತು.

ಒಲಿಂಪಿಕ್ಸಿನ ಗೆಲುವುಗಳನ್ನು ನೋಡಿ, ರಕ್ತದಲ್ಲೇ ಆಟ ಇದೆ ಎಂದು 1987ರ ಯೋಜನೆ ನಂಬಿತು. ಆ ನಂಬಿಕೆ ತಪ್ಪು. ಯಲ್ಲಾಪುರದ ಸಿದ್ದಿಗಳೂ ಲಿಯಾರಿಯ ಶೀದಿಗಳೂ ಮಫಲಾಲಾದ ಹುಡುಗರೂ ಬೇರೆ ಬೇರೆ ಬುಡಕಟ್ಟುಗಳವರು. ಅವರಲ್ಲಿ ಇಬ್ಬರಿಗೆ ದಕ್ಕಿ ಒಬ್ಬರಿಗೆ ದಕ್ಕದೇ ಹೋದದ್ದು ಮೈದಾನ, ಕ್ಲಬ್ಬು, ವಾರವಾರದ ಎದುರಾಳಿ, ಕೊನೆಗೊಂದು ಸಂಬಳ. ಯಲ್ಲಾಪುರದ ಕಾಡಿನ ಕೇರಿಯಿಂದ ಕೇರಿಗೆ ಹೋಗಲು ಅರ್ಧ ದಿನ ನಡೆಯಬೇಕಿತ್ತು. ಹನ್ನೊಂದು ಜನ ಒಂದೆಡೆ ಸೇರುವುದೇ ಕಷ್ಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಆಮೇಲೆ ಅಡಿಕೆ ಕೊಯ್ಲು. ಕೊಯ್ಲಾದ ಗದ್ದೆಯೇ ಮೈದಾನ, ಅದೂ ಮುಂದಿನ ಬೇಸಾಯದವರೆಗೆ ಮಾತ್ರ. ಮರ ಹತ್ತುವ ಕಾಲಿಗೂ ಹೊರೆ ಹೊರುವ ಬೆನ್ನಿಗೂ ಬಲ ಇತ್ತು, ನಿಜ. ಆ ಬಲ ಇನ್ನೊಬ್ಬರ ತೋಟಕ್ಕೆ ಸಲ್ಲುತ್ತಿತ್ತು.

ಆದರೂ ಯೋಜನೆಯನ್ನು ನಾನು ತಳ್ಳಿಹಾಕುವುದಿಲ್ಲ. ಸ್ಪೆಷಲ್ ಏರಿಯಾ ಗೇಮ್ಸ್ ಎಂಬ ಹೆಸರಿನ ಆ ಯೋಜನೆ ದೇಶದ ಹಲವು ಮೂಲೆಗಳಿಗೆ ಹೋಗಿತ್ತು. ರಾಜಸ್ಥಾನದ ಉದಯಪುರದ ಕಡೆ ಬುಡಕಟ್ಟಿನ ಬಿಲ್ಲುಗಾರರನ್ನು ಹುಡುಕಿದಾಗ ಸಿಕ್ಕವರು ಲಿಂಬಾರಾಮ್. ಮರುವರ್ಷವೇ, 1988ರಲ್ಲಿ, ಅವರು ಸೋಲ್ ಒಲಿಂಪಿಕ್ಸ್‌ನಲ್ಲಿ ಬಾಣ ಬಿಟ್ಟರು. ಸಿದ್ದಿಗಳ ನಡುವೆ ಕೂಡ ಹುಡುಕಿದ್ದು ವ್ಯರ್ಥವಾಗಲಿಲ್ಲ. ಕಮಲಾ ಮಿಂಗೇಲ್ ಸಿದ್ದಿಯಂಥ ಅಥ್ಲೀಟ್‌ಗಳು ರಾಷ್ಟ್ರಮಟ್ಟಕ್ಕೆ ಏರಿದರು. ಕೇರಿಯ ಹೊರಗೆ ಕಾಲಿಡದಿದ್ದ ಮನೆಗಳಿಂದ ಹೊರಟ ಮಕ್ಕಳು ಮುಳ್ಳಿನ ಬೂಟು ತೊಟ್ಟು ರಾಜ್ಯದ, ದೇಶದ ಟ್ರ್ಯಾಕುಗಳಲ್ಲಿ ಓಡಿದರು, ಓದಿದರು, ಹೊಸ ಭಾಷೆ ಕಲಿತರು. ತಮ್ಮ ಗುಂಗುರು ಕೂದಲನ್ನೂ ಬಣ್ಣವನ್ನೂ ನೋಡಿ ನೀವು ಯಾವ ದೇಶದವರು ಎಂದು ಕೇಳುವವರಿಗೆ ಯಲ್ಲಾಪುರದವರು ಎಂದು ಕನ್ನಡದಲ್ಲಿ ಉತ್ತರಿಸುವುದನ್ನೂ ಕಲಿತರು.

1989ರ ಚುನಾವಣೆಯಲ್ಲಿ ಕೇಂದ್ರದ ಸರ್ಕಾರ ಬದಲಾಯಿತು, ಆಳ್ವ ಖಾತೆ ಬಿಟ್ಟರು. ಹೊತ್ತವರು ಹೋದ ಮೇಲೆ ಯೋಜನೆ ನಾಲ್ಕು ವರ್ಷ ಕುಂಟುತ್ತಾ ನಡೆದು ನಿಂತಿತು. ಅಡಿಕೆ ಸಸಿ ನೆಟ್ಟವರಿಗೆ ಅದು ಫಲ ಕೊಡಲು ಆರೇಳು ವರ್ಷ ಬೇಕೆಂಬುದು ಗೊತ್ತು. ಇಲ್ಲಿ ಆರನೇ ವರ್ಷಕ್ಕೆ ಸಸಿಯನ್ನೇ ಕಿತ್ತರು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಆಯ್ಕೆಯಾದ ಮಗು ಹದಿನಾರು ಹದಿನೆಂಟಕ್ಕೆ, ಅಂದರೆ ಓಟ ಮಾಗುವ ಹೊತ್ತಿಗೆ, ಹಾಸ್ಟೆಲು ಬಿಡಬೇಕಾಯಿತು. ಒಬ್ಬಿಬ್ಬರಿಗೆ ಸರ್ಕಾರಿ ನೌಕರಿ ದೊರೆಯಿತು. ಉಳಿದವರು ಹೊರಟಲ್ಲಿಗೇ, ತೋಟಕ್ಕೆ, ಮರಳಿದರು. ಲಿಯಾರಿಯ ಹುಡುಗನನ್ನು ಕ್ಲಬ್ಬು ಕೈಬಿಟ್ಟರೆ ಪಕ್ಕದ ಓಣಿಯ ಕ್ಲಬ್ಬು ಇತ್ತು, ಅದೂ ಬಿಟ್ಟರೆ ಪೋರ್ಟ್ ಟ್ರಸ್ಟ್ ಇತ್ತು. ಯಲ್ಲಾಪುರದ ಹುಡುಗನಿಗೆ ಇದ್ದದ್ದು ಒಂದೇ ಬಾಗಿಲು, ಅದರ ಬೀಗದ ಕೈ ದಿಲ್ಲಿಯಲ್ಲಿತ್ತು.

ಮುಂದಿನ ಬದಲಾವಣೆಗಳು ಕ್ರೀಡೆಯ ಹೊರಗೆ ಆದವು. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇದಕ್ಕಾಗಿ ಅವರ ಸಂಘಟನೆಗಳು 1980ರ ದಶಕದಿಂದಲೂ ಹೋರಾಡಿದ್ದವು. 2018ರಲ್ಲಿ ತಂಜೀಲಾ ಕಂಬ್ರಾನಿ ಸಿಂಧ್ ಶಾಸನಸಭೆಗೆ ಹೋದ ಮೊದಲ ಶೀದಿ ಮಹಿಳೆಯಾದರು. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಕರ್ನಾಟಕ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಎರಡು ದಂಡೆಗಳ ಎರಡು ಸದನಗಳಲ್ಲಿ ಎರಡು ವರ್ಷದ ಅಂತರದಲ್ಲಿ ಇದು ನಡೆಯಿತು.

ಆಟವೂ ಸತ್ತಿರಲಿಲ್ಲ. ಹಳಿಯಾಳ ಕುಸ್ತಿಯ ಊರು. ಅಲ್ಲಿಯ ಅಖಾಡಾ ಮತ್ತು ಕ್ರೀಡಾ ವಸತಿ ನಿಲಯಗಳಲ್ಲಿ ಸಿದ್ದಿ ಹುಡುಗಿಯರು ಮಣ್ಣು ಮುಟ್ಟಿ ನಮಸ್ಕರಿಸಿ ಕಣಕ್ಕಿಳಿದು ರಾಷ್ಟ್ರಮಟ್ಟದ ಕುಸ್ತಿಗಳಿಗೆ ಹೋದರು. ಮುಂಡಗೋಡದ ಕಡೆ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಕಳೆದ ದಶಕದಿಂದ ಸಿದ್ದಿ ಮಕ್ಕಳಿಗೂ ಸುತ್ತಲಿನ ಇತರ ಸಮುದಾಯಗಳ ಮಕ್ಕಳಿಗೂ ಒಟ್ಟಾಗಿ ಓಟದ ತರಬೇತಿ ಕೊಡುತ್ತಿದೆ. ಊರಿನ ಹತ್ತಿರವೇ ತರಬೇತಿ, ಮನೆಯವರ ಕಣ್ಣಳತೆಯಲ್ಲೇ ಮಕ್ಕಳು. 1987ರವರು ಮಾಡಿದ ದೊಡ್ಡ ತಪ್ಪನ್ನು, ಎಳೆಯರನ್ನು ಬೇರಿನಿಂದ ಕಿತ್ತು ಒಯ್ಯುವುದನ್ನು, ಇವರು ಮಾಡಿಲ್ಲ.

ಸಮುದ್ರದ ಆಚೆ ಇದೇ ಹೊತ್ತಿಗೆ ಎಲ್ಲ ತಿರುವುಮುರುವಾಯಿತು. 2000ದ ನಂತರದ ದಶಕದಲ್ಲಿ ಲಿಯಾರಿಯನ್ನು ಗುಂಪುಗಳ ಕಾದಾಟ ಆವರಿಸಿತು. ಒಂದು ಓಣಿಯ ಹುಡುಗ ಇನ್ನೊಂದು ಓಣಿಯ ಮೈದಾನಕ್ಕೆ ಹೋಗುವುದು ಪ್ರಾಣಕ್ಕೇ ಅಪಾಯವೆನಿಸಿದ ವರ್ಷಗಳಿದ್ದವು. ಅಂಥ ದಿನಗಳಲ್ಲೇ ಕರಾಚಿಯ ಬೀದಿ ಮಕ್ಕಳ ತಂಡ 2014ರಲ್ಲಿ ರಿಯೊದಲ್ಲಿ ನಡೆದ ಬೀದಿ ಮಕ್ಕಳ ವಿಶ್ವಕಪ್‌ಗೆ ಹೋಗಿ ಮೂರನೇ ಸ್ಥಾನ ಪಡೆದು ಬಂತು. ಮೇಲಿನ ಮಟ್ಟದಲ್ಲಿ ಫೆಡರೇಷನ್ ಒಡೆದು ಎರಡು ಬಣವಾಯಿತು. 2015ರ ನಂತರ ಮೂರು ವರ್ಷ ಲೀಗ್ ನಡೆಯಲೇ ಇಲ್ಲ. 2017ರಲ್ಲೂ 2021ರಲ್ಲೂ ಫೀಫಾ ಪಾಕಿಸ್ತಾನವನ್ನು ಅಮಾನತು ಮಾಡಿತು. 2018-19ರಲ್ಲಿ ಖಾನ್ ರಿಸರ್ಚ್ ಲ್ಯಾಬೊರೇಟರೀಸ್ ಗೆದ್ದ ಮೇಲೆ ಲೀಗ್ ಮತ್ತೆ ವರ್ಷಗಟ್ಟಲೆ ನಿಂತಿತು. 2021ರಲ್ಲಿ ಇಮ್ರಾನ್ ಖಾನ್ ಸರ್ಕಾರ ಇಲಾಖಾ ತಂಡಗಳನ್ನೇ ಮುಚ್ಚಲು ಹೇಳಿತು. ಪ್ರದೇಶಗಳ ತಂಡ ಕಟ್ಟಬೇಕು, ಆಗ ಜನ ತಮ್ಮ ಊರಿಗಾಗಿ ಕೂಗುತ್ತಾರೆ ಎಂಬುದು ಅವರ ವಾದ. ಕ್ರಿಕೆಟ್‌ನಂಥ ದುಡ್ಡಿನ ಆಟಕ್ಕೆ ಅದು ಹೊಂದೀತು. ಫುಟ್‌ಬಾಲ್ ಆಟಗಾರರಿಗೆ ಅದು ಕೆಲಸ ಕಳೆದುಕೊಂಡ ಸುದ್ದಿ. ಮರುವರ್ಷ ಬಂದ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೆ ಮುಚ್ಚಿದ ತಂಡವನ್ನು ಮತ್ತೆ ಕಟ್ಟುವುದು ಒಂದು ಆದೇಶದಲ್ಲಿ ಮುಗಿಯುವ ಕೆಲಸವಲ್ಲ.

2023ರ ಜೂನ್ 21ರಂದು ಪಾಕಿಸ್ತಾನ ತಂಡ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಎದುರು ಆಡಿತು. ವೀಸಾ ತಡವಾಗಿ, ಪ್ರಯಾಣ ಮುಗಿಸಿದ ದಣಿವಿನಲ್ಲೇ ಮೈದಾನಕ್ಕಿಳಿದಿದ್ದ ತಂಡ ಅದು. ಸುನಿಲ್ ಛೆಟ್ರಿಯ ಹ್ಯಾಟ್ರಿಕ್ ಸೇರಿ ಭಾರತ 4-0ಯಿಂದ ಗೆದ್ದಿತು. ಕೆಲವೇ ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಪಾಕಿಸ್ತಾನ ವಿಶ್ವಕಪ್ ಅರ್ಹತಾ ಪಂದ್ಯವೊಂದನ್ನು ತನ್ನ ಚರಿತ್ರೆಯಲ್ಲೇ ಮೊದಲ ಬಾರಿ ಗೆದ್ದಿತು, ಕಾಂಬೋಡಿಯದ ಮೇಲೆ 1-0. ಗೋಲು ಹೊಡೆದವರು ಇಂಗ್ಲೆಂಡಿನಲ್ಲಿ ಬೆಳೆದ ಹಾರೂನ್ ಹಮೀದ್. ಗೆಲುವಿನ ಸಂತೋಷವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ದೇಶದೊಳಗೆ ಲೀಗ್ ನಿಂತುಹೋದರೆ ದೇಶದ ತಂಡ ಹೊರಗಿನ ಅಕಾಡೆಮಿಗಳತ್ತ ಕೈಚಾಚಬೇಕಾಗುತ್ತದೆ. ಉಮರ್‌ನನ್ನೂ ಗಫೂರ್‌ನನ್ನೂ ಬೆಳೆಸಿದ ಓಣಿಗಳಿಗೆ ಹಳೆಯ ಬೇಡಿಕೆ ಉಳಿಯುವುದಿಲ್ಲ.

ನಮ್ಮ ಕಡೆ ಲೀಗ್ ಎಂಬುದು ಎಂದೂ ಹುಟ್ಟಲೇ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಸೇರಿ ಶಿರಸಿ ಶೈಕ್ಷಣಿಕ ಜಿಲ್ಲೆ. ವರ್ಷಕ್ಕೊಮ್ಮೆ ಶಾಲಾ ಕ್ರೀಡಾಕೂಟ ನಡೆಯುತ್ತದೆ, ವಲಯ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ. ದೈಹಿಕ ಶಿಕ್ಷಕರು ತಮ್ಮ ಕೈಯಿಂದ ಬಸ್ ಚಾರ್ಜು ಹಾಕಿ ಮಕ್ಕಳನ್ನು ಕರೆದೊಯ್ಯುವುದು ಇಲ್ಲಿ ಹೊಸದಲ್ಲ. ಗೆದ್ದ ಮಗುವಿನ ಮುಂದಿನ ಪಂದ್ಯ ಮುಂದಿನ ವರ್ಷ. ಹತ್ತನೇ ತರಗತಿ ಮುಗಿಸಿ ಕೆಲಸಕ್ಕೆ ಸೇರಿದವನಿಗೆ ಅದೂ ಇಲ್ಲ.

ಮಳೆ ಬಿಟ್ಟ ಮೇಲೆ ಈ ಆರು ತಾಲ್ಲೂಕುಗಳ ನಡುವೆ ವಾರಕ್ಕೊಂದು ಪಂದ್ಯದ ಲೀಗ್ ನಡೆಸುವುದು ಅಸಾಧ್ಯದ ಮಾತಲ್ಲ. ಊರೂರಿನಲ್ಲಿ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಟೂರ್ನಿಗಳಿಗೆ ರಾತ್ರಿಯಿಡೀ ದೀಪ ಹಾಕಿ ಜನ ಸೇರಿಸುವ ಯುವಕ ಸಂಘಗಳಿವೆ. ಲಿಯಾರಿಗೆ ಪೋರ್ಟ್ ಟ್ರಸ್ಟ್ ಇದ್ದಂತೆ ನಮಗೂ ಸಂಬಳ ಕೊಡುವ ಸಂಸ್ಥೆಗಳಿವೆ. ಶಿರಸಿಯ ಸಾರಿಗೆ ವಿಭಾಗ, ಹುಬ್ಬಳ್ಳಿಯ ನೈಋತ್ಯ ರೈಲ್ವೆ, ಅರಣ್ಯ ಇಲಾಖೆ, ಕೈಗಾ ಅಣು ವಿದ್ಯುತ್ ಸ್ಥಾವರ, 1923ರಿಂದ ನಡೆಯುತ್ತಿರುವ ತೋಟಗಾರರ ಸಹಕಾರಿ ಮಾರಾಟ ಸಂಘ. ಇವುಗಳಲ್ಲಿ ಎರಡು ಮೂರು ಸಂಸ್ಥೆಗಳು ಒಂದೊಂದು ತಂಡವನ್ನು ಸಾಕಿ, ಆಡುವವರಿಗೆ ಒಂದೊಂದು ಕೆಲಸ ಕೊಟ್ಟರೂ ಯಲ್ಲಾಪುರದ ಹುಡುಗ ಹುಡುಗಿಯರು ದಿಲ್ಲಿಯಿಂದ ಬರುವ ಮುಂದಿನ ಯೋಜನೆಗಾಗಿ ಕಾಯಬೇಕಾಗಿಲ್ಲ.